ವಿಕ್ಟೋರಿಯಾದ ಹಳ್ಳಗಳಲ್ಲಿ ಚಿನ್ನ ಜಾಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಲ್ಬರ್ನ್‌ನಲ್ಲಿ ನೆಲೆಸಿದವರು, ಮಗ ಸೊಸೆಯನ್ನು ನೋಡಲು ಊರಿಂದ ಬಂದ ಅಪ್ಪ ಅಮ್ಮ, ಎರಡು ವಾರದ ಪ್ರವಾಸಕ್ಕೆ ಬಂದವರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕ್ಯಾಸಲ್‌ಮೇನ್ ಸುತ್ತಲಿನ ಹಳ್ಳಗಳನ್ನು, ಅದರಲ್ಲೂ ಫಾರೆಸ್ಟ್ ಕ್ರೀಕ್ ಕಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ. ಕಾನೂನಿನ ಮಾತೆಲ್ಲ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ್ದು. ಗಡಿ ದಾಟಿ ನ್ಯೂ ಸೌತ್ ವೇಲ್ಸ್‌ಗೆ ಹೋದರೆ ನಿಯಮ ಬೇರೆ.

ಈಗಲೂ ನಿಜವಾಗಿ ಚಿನ್ನ ಸಿಗುತ್ತದಾ?

ಸಿಗುತ್ತದೆ. ಆದರೆ ಎಷ್ಟು ಅಂತ ಮೊದಲೇ ತಿಳಿದಿರಲಿ. ಅರ್ಧ ಮಿಲಿಮೀಟರ್ ಅಗಲದ ಒಂದು ಕಣ ಸಿಕ್ಕಿತು ಅಂದುಕೊಳ್ಳಿ. ಅದು ಪುಟ್ಟ ದಾಳದ ಹಾಗೆ ಅಗಲದಷ್ಟೇ ದಪ್ಪಗಿದ್ದರೂ ತೂಕ ಎರಡೂವರೆ ಮಿಲಿಗ್ರಾಂ ದಾಟುವುದಿಲ್ಲ. ಅಂಥ ನಾನೂರು ಕಣ ಸೇರಿದರೆ ಒಂದು ಗ್ರಾಂ. ಹಳ್ಳದಲ್ಲಿ ಸಿಗುವ ಕಣಗಳು ಸಾಮಾನ್ಯವಾಗಿ ಇದಕ್ಕಿಂತ ತೆಳು, ಚಪ್ಪಟೆ. ಒಂದು ಬೆಳಗ್ಗೆ ಕೂತು ಜಾಲಿಸಿದ ಹೊಸಬರಿಗೆ ಐದಾರು ಕಣ ಕಂಡರೆ ಖುಷಿಪಡಬೇಕು. ಏನೂ ಕಾಣದ ದಿನಗಳೂ ಇರುತ್ತವೆ.

ಪೆಟ್ರೋಲ್ ಖರ್ಚಾದರೂ ಹುಟ್ಟುತ್ತಾ?

ಇಲ್ಲ. ಲೆಕ್ಕ ಹಾಕಿಕೊಂಡು ಹೋಗುವವರು ಎರಡನೇ ಸಲ ಹೋಗುವುದಿಲ್ಲ.

ಕ್ಯಾಸಲ್‌ಮೇನೇ ಯಾಕೆ? ಬಲ್ಲಾರಟ್ ಅಲ್ವಾ ಪ್ರಸಿದ್ಧ?

ಬಲ್ಲಾರಟ್ ಹೆಸರು ದೊಡ್ಡದು, ಅದರ ಬಗ್ಗೆ ಮುಂದೆ ಬರುತ್ತದೆ. ಆದರೆ ಜಾಲಿಸುವವರಿಗೆ ಕ್ಯಾಸಲ್‌ಮೇನ್ ಕಡೆಯ ನೆಲದ ಗುಣವೇ ಬೇರೆ.

1851ರ ಜುಲೈನಲ್ಲಿ ಇಲ್ಲಿನ ಸ್ಪೆಸಿಮೆನ್ ಗಲ್ಲಿ ಅನ್ನುವ ಜಾಗದಲ್ಲಿ ಕ್ರಿಸ್ಟೊಫರ್ ಪೀಟರ್ಸ್ ಎಂಬ ಕುರಿಗಾಹಿಗೆ ಬೆಣಚುಕಲ್ಲಿನಲ್ಲಿ ಚಿನ್ನ ಕಂಡಿತು. ಅವನೂ ಜೊತೆಗಾರರೂ ಸದ್ದಿಲ್ಲದೆ ಅಗೆಯುತ್ತಿದ್ದರು. ಅವರಲ್ಲೊಬ್ಬ ಬರೆದ ಪತ್ರ ಸೆಪ್ಟೆಂಬರ್‌ನಲ್ಲಿ ಮೆಲ್ಬರ್ನ್‌ನ ಪತ್ರಿಕೆಯಲ್ಲಿ ಅಚ್ಚಾಯಿತು. ಅಷ್ಟೇ, ಕೆಲವೇ ತಿಂಗಳಲ್ಲಿ ಸಾವಿರಾರು ಜನ ಗುಡಾರ ಹಾಕಿದರು. ಆಗ ಇದನ್ನು ಮೌಂಟ್ ಅಲೆಕ್ಸಾಂಡರ್ ಚಿನ್ನದ ಬಯಲು ಅನ್ನುತ್ತಿದ್ದರು.

ಅಷ್ಟು ಜನ ನುಗ್ಗಲು ಕಾರಣ, ಚಿನ್ನ ಮೇಲುಮೇಲಕ್ಕೇ ಇತ್ತು. ಕೆಲವು ಅಡಿ ಅಗೆದರೆ ಸಾಕು, ಕೈ ಸಾಮಾನಿನಲ್ಲೇ ಕೆಲಸ ಆಗುತ್ತಿತ್ತು. ಬಲ್ಲಾರಟ್‌ನಲ್ಲಿ ಮೇಲಿನದು ಬೇಗ ಮುಗಿದು, ಜನ ಆಳದ ಬಾವಿ ತೋಡಬೇಕಾಯಿತು. ಹೀಗಾಗಿ ಕ್ಯಾಸಲ್‌ಮೇನ್ ಸುತ್ತ ಇಡೀ ನೆಲ ಇವತ್ತಿಗೂ ಗುಂಡಿ ದಿಬ್ಬವಾಗಿ ಕಾಣುತ್ತದೆ. ಅದೇ ಮಣ್ಣನ್ನು ಎರಡು ಮೂರು ಸಲ ತೊಳೆದಿದ್ದಾರೆ. ಅವರ ಕೈತಪ್ಪಿದ್ದು ನಮ್ಮ ಪಾಲು.

ಪರವಾನಗಿ ಬೇಕಾ?

ಬೇಕೇ ಬೇಕು. ಅದರ ಹೆಸರು ಮೈನರ್ಸ್ ರೈಟ್. ಒಮ್ಮೆ ತೆಗೆದುಕೊಂಡರೆ ಹತ್ತು ವರ್ಷ ನಡೆಯುತ್ತದೆ. ಸರ್ಕಾರದ ಜಾಲತಾಣದಲ್ಲಿ ಮನೆಯಲ್ಲೇ ಕೂತು ಮಾಡಿಸಬಹುದು. ಹತ್ತು ವರ್ಷಕ್ಕೆ ಹಂಚಿ ನೋಡಿದರೆ ಶುಲ್ಕ ಏನೇನೂ ಅಲ್ಲ. ಪ್ರವಾಸಕ್ಕೆ ಬಂದವರೂ ತೆಗೆದುಕೊಳ್ಳಬಹುದು. ಹಳ್ಳಕ್ಕೆ ಹೋಗುವಾಗ ಜೊತೆಯಲ್ಲಿರಲಿ, ಅಧಿಕಾರಿ ಕೇಳಿದರೆ ತೋರಿಸಬೇಕು.

ಈ ಚೀಟಿಗೆ ರಕ್ತದ ಇತಿಹಾಸವಿದೆ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮೊದಲು ಇದ್ದದ್ದು ತಿಂಗಳಿಗೆ 30 ಶಿಲ್ಲಿಂಗ್ ಲೈಸೆನ್ಸು. ಚಿನ್ನ ಸಿಗಲಿ ಬಿಡಲಿ, ಕಟ್ಟಲೇಬೇಕು. ಪೊಲೀಸರು ಗುಂಡಿ ಗುಂಡಿಗೆ ಬಂದು ಚೀಟಿ ಕೇಳುತ್ತಿದ್ದರು, ಇಲ್ಲದವರನ್ನು ಎಳೆದೊಯ್ಯುತ್ತಿದ್ದರು. ಓಟಿನ ಹಕ್ಕಂತೂ ಇರಲಿಲ್ಲ. ಬಲ್ಲಾರಟ್‌ನಲ್ಲಿ ಜನ ಲೈಸೆನ್ಸು ಸುಟ್ಟು, ಪೀಟರ್ ಲೇಲರ್ ಎಂಬ ಐರಿಷ್‌ನವನ ಮುಂದಾಳತ್ವದಲ್ಲಿ ಮರದ ದಿಮ್ಮಿಗಳ ಕೋಟೆ ಕಟ್ಟಿ ನಿಂತರು. 1854ರ ಡಿಸೆಂಬರ್ 3ರ ನಸುಕಿನಲ್ಲಿ ಸೈನಿಕರು ನುಗ್ಗಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ಯುರೇಕಾ ಸ್ಟಾಕೇಡ್. ಮರುವರ್ಷವೇ ಲೈಸೆನ್ಸು ಹೋಗಿ ಮೈನರ್ಸ್ ರೈಟ್ ಬಂತು, ವರ್ಷಕ್ಕೆ ಒಂದು ಪೌಂಡ್, ಜೊತೆಗೆ ಓಟು. ನೀವು ಫೋನಿನಲ್ಲಿ ಇಟ್ಟುಕೊಳ್ಳುವ ಚೀಟಿ ಅದರದೇ ಮೊಮ್ಮಗು.

ಎಲ್ಲಿ ಜಾಲಿಸಬಹುದು, ಎಲ್ಲಿ ಕೂಡದು?

ಸರ್ಕಾರಿ ಜಮೀನಿನ ಬಹುಭಾಗದಲ್ಲಿ ಸರಿ. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ಬೇಲಿ ದಾಟಿ ಹೋಗಿ ಆಮೇಲೆ ಮೈನರ್ಸ್ ರೈಟ್ ತೋರಿಸಿದರೆ ಉಪಯೋಗವಿಲ್ಲ. ಗಣಿ ಕಂಪನಿಗೆ ಮಂಜೂರಾದ ಜಾಗದಲ್ಲಿ ಅವರನ್ನು ಕೇಳಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಕೂಡದು. ಗ್ರೇಟರ್ ಬೆಂಡಿಗೊ, ಕ್ಯಾಸಲ್‌ಮೇನ್ ಡಿಗ್ಗಿಂಗ್ಸ್ ಮುಂತಾದ ಕೆಲವು ಕಡೆ ಮಾತ್ರ ಗುರುತು ಮಾಡಿದ ಭಾಗಗಳಲ್ಲಿ ಬಿಟ್ಟಿದ್ದಾರೆ. ಕೆಲವು ನದಿ ಹಳ್ಳಗಳಿಗೆ ಪೂರ್ತಿ ನಿಷೇಧವೂ ಇದೆ.

ಫಾರೆಸ್ಟ್ ಕ್ರೀಕ್ ಅಂದರೆ ಇಡೀ ಹಳ್ಳ ತೆರೆದಿದೆ ಅಂತಲ್ಲ. ಒಂದು ತಿರುವಿನಲ್ಲಿ ಸರಿ, ಮುಂದಿನ ತಿರುವಿನಲ್ಲಿ ತಪ್ಪು ಅನ್ನುವಂತೆ ಇರಬಹುದು. ಸರ್ಕಾರದ ಜಿಯೋವಿಕ್ ಅನ್ನುವ ನಕ್ಷೆ ಪುಟ ಇದೆ, ಉಚಿತ. ಹೊರಡುವ ಮುಂಚಿನ ರಾತ್ರಿ ಅದನ್ನು ತೆರೆದು ನೋಡಿ, ಚಿತ್ರ ತೆಗೆದಿಟ್ಟುಕೊಳ್ಳಿ. ಕಾಡಿನೊಳಗೆ ಸಿಗ್ನಲ್ ಕೈಕೊಡುತ್ತದೆ.

ಏನೇನು ಸಾಮಾನು ಬೇಕು?

ಪ್ಲಾಸ್ಟಿಕ್ ಪ್ಯಾನ್ ಒಂದು, ಒಂದು ಕಡೆ ಗೆರೆ ಗೆರೆ ಮೆಟ್ಟಿಲು ಇರುವಂಥದ್ದು. ಹಸಿರು ಅಥವಾ ನೀಲಿ ಬಣ್ಣದ್ದಾದರೆ ಹಳದಿ ಕಣವೂ ಕಪ್ಪು ಮರಳೂ ಚೆನ್ನಾಗಿ ಎದ್ದು ಕಾಣುತ್ತವೆ. ಪ್ಯಾನ್ ಮೇಲೆ ಕೂರುವ ಜರಡಿ. ಬಕೆಟ್, ತೋಟದ ಕೈಗುದ್ದಲಿ. ಬಂಡೆ ಬಿರುಕು ಕೆರೆಯಲು ತುದಿ ಬಗ್ಗಿಸಿದ ಹಳೇ ಸ್ಕ್ರೂಡ್ರೈವರ್, ಒಂದು ಬಣ್ಣದ ಬ್ರಷ್ಷು. ಕಣ ಹೀರಿಕೊಳ್ಳುವ ಮೆತ್ತನೆ ಬಾಟಲಿ, ಹಾಕಿಡಲು ಚಿಕ್ಕ ಗಾಜಿನ ಸೀಸೆ. ಗಮ್‌ಬೂಟು. ಇಷ್ಟೇ.

ಮೊದಲ ಸಲಕ್ಕೇ ದುಬಾರಿ ಮೆಟಲ್ ಡಿಟೆಕ್ಟರ್ ಕೊಳ್ಳಬೇಡಿ. ಕಾನೂನು ಅದಕ್ಕೆ ಒಪ್ಪುತ್ತದೆ, ಆದರೆ ಅದು ಬೇರೆಯದೇ ಹವ್ಯಾಸ. ಮೋಟಾರು, ಅಗೆಯುವ ಯಂತ್ರ, ಸಿಡಿಮದ್ದು ಯಾವುದೂ ಕೂಡದು. ಮೈನರ್ಸ್ ರೈಟ್ ಕೊಡುವುದು ಕೈಯಿಂದ ಮಾಡುವ ಕೆಲಸಕ್ಕೆ ಮಾತ್ರ.

ಜಾಲಿಸುವುದು ಹೇಗೆ?

ಅಕ್ಕಿಯಲ್ಲಿ ಕಲ್ಲು ಇದ್ದ ಕಾಲದಲ್ಲಿ ಅಡುಗೆಮನೆಯಲ್ಲಿ ಎರಡು ಪಾತ್ರೆ ಇಟ್ಟುಕೊಂಡು ಅಕ್ಕಿ ಜಾಲಿಸುತ್ತಿದ್ದ ಕೈ ನಿಮ್ಮ ಮನೆಯಲ್ಲಿದ್ದರೆ, ಪ್ಯಾನನ್ನು ಅವರಿಗೇ ಕೊಡಿ. ಭಾರವಾದದ್ದು ಕೆಳಗೆ ಕೂರುತ್ತದೆ, ಹಗುರಾದದ್ದು ನೀರಿನ ಜೊತೆ ಹೋಗುತ್ತದೆ. ಇಲ್ಲಿ ಬೇಕಾದದ್ದು ಕೆಳಗಿನದು, ಅಷ್ಟೇ ವ್ಯತ್ಯಾಸ.

ಚಿನ್ನ ನೀರಿಗಿಂತ 19.3 ಪಟ್ಟು ಭಾರ. ಬೆಣಚುಕಲ್ಲಿನ ಮರಳು 2.65 ಪಟ್ಟು, ಕಬ್ಬಿಣದ ಕಪ್ಪು ಮರಳು ಸುಮಾರು 5 ಪಟ್ಟು. ಇಷ್ಟು ಅಂತರ ಇರುವುದರಿಂದ, ಸರಿಯಾಗಿ ಅಲ್ಲಾಡಿಸಿದರೆ ಚಿನ್ನ ತಾನಾಗಿಯೇ ತಳ ಸೇರುತ್ತದೆ.

ಮೊದಲು ಜರಡಿ ಹಿಡಿದು ದಪ್ಪ ಕಲ್ಲು ತೆಗೆಯಿರಿ. ಎಸೆಯುವ ಮುಂಚೆ ಆ ಕಲ್ಲುಗಳ ಮೇಲೊಮ್ಮೆ ಕಣ್ಣಾಡಿಸಿ. ಪ್ಯಾನ್ ಮುಕ್ಕಾಲು ತುಂಬಿದರೆ ಸಾಕು. ಪೂರ್ತಿ ನೀರಿನಲ್ಲಿ ಮುಳುಗಿಸಿ, ಜೇಡಿ ಉಂಡೆಗಳನ್ನು ಬೆರಳಿನಲ್ಲಿ ಹಿಸುಕಿ ಕರಗಿಸಿ. ಈ ಹೆಜ್ಜೆಯಲ್ಲಿ ಅವಸರ ಬೇಡ. ಕರಗದ ಜೇಡಿ ಉಂಡೆ ಉರುಳಿ ಹೋಗುವಾಗ ಚಿನ್ನವನ್ನೂ ಅಂಟಿಸಿಕೊಂಡು ಹೋಗುತ್ತದೆ. ನೂರೈವತ್ತು ವರ್ಷದ ಹಿಂದೆ ಇದೇ ಜೇಡಿಗಾಗಿಯೇ ಕುದುರೆ ಕಟ್ಟಿ ತಿರುಗಿಸುವ ದುಂಡನೆಯ ತೊಟ್ಟಿಗಳನ್ನು ಮಾಡಿದ್ದರು. ಪಡ್ಲಿಂಗ್ ಮೆಷಿನ್ ಅನ್ನುತ್ತಾರೆ. ಕಾಡಿನಲ್ಲಿ ನಡೆಯುವಾಗ ಉಂಗುರದ ಹಾಗೆ ಹಳ್ಳ ಬಿದ್ದ ಜಾಗ ಕಂಡರೆ ಅದು ಇದೇ.

ನೀರು ತಿಳಿಯಾದ ಮೇಲೆ ಪ್ಯಾನನ್ನು ಮಟ್ಟವಾಗಿ ಹಿಡಿದು ಎಡಬಲ ಜೋರಾಗಿ ಅಲ್ಲಾಡಿಸಿ. ಆಮೇಲೆ ಮೆಟ್ಟಿಲು ಇರುವ ಕಡೆಯನ್ನು ಮುಂದೆ ಬಗ್ಗಿಸಿ, ನೀರಿನಲ್ಲಿ ಅದ್ದಿ ಎತ್ತಿ, ಮೇಲಿನ ಪದರ ಮಾತ್ರ ಹೋಗಲು ಬಿಡಿ. ಮತ್ತೆ ಮಟ್ಟ ಮಾಡಿ, ಮತ್ತೆ ಅಲ್ಲಾಡಿಸಿ. ಹೊಸಬರು ತೊಳೆಯುವುದು ಜಾಸ್ತಿ, ಅಲ್ಲಾಡಿಸುವುದು ಕಡಿಮೆ. ಆಗಬೇಕಾದದ್ದು ಅದರ ಉಲ್ಟಾ.

ಕೊನೆಗೆ ಒಂದು ಚಮಚೆಯಷ್ಟು ಕಪ್ಪು ಮರಳು ಉಳಿಯುತ್ತದೆ. ಬೆರಳೆತ್ತರದ ನೀರು ಬಿಟ್ಟು, ಪ್ಯಾನನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಮರಳು ಬಾಲದ ಹಾಗೆ ಹರಡಿಕೊಳ್ಳುತ್ತದೆ. ಎಲ್ಲಕ್ಕಿಂತ ಹಿಂದೆ, ಕದಲಲು ಮನಸ್ಸಿಲ್ಲದಂತೆ ನಿಂತ ಹಳದಿ ಚುಕ್ಕೆಯೇ ಚಿನ್ನ. ಪುಡಿ ಕಣ ನೀರಿನ ಮೇಲೆ ತೇಲಿದರೆ ಗಾಬರಿ ಬೇಡ, ಕೈಯ ಜಿಡ್ಡಿನಿಂದ ಹಾಗಾಗುತ್ತದೆ. ಪ್ಯಾನಿನ ನೀರಿಗೆ ಒಂದೇ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಮುಳುಗುತ್ತದೆ. ಆ ನೀರನ್ನು ಹಳ್ಳಕ್ಕೆ ಚೆಲ್ಲದೆ ದೂರದ ಮಣ್ಣಿಗೆ ಚೆಲ್ಲಿ.

ಹಳ್ಳದಲ್ಲಿ ಎಲ್ಲಿ ತೋಡಬೇಕು?

ಇದೇ ನಿಜವಾದ ವಿದ್ಯೆ. ಪ್ಯಾನ್ ತಿರುಗಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು, ಜಾಗ ಹಿಡಿಯುವುದಕ್ಕೆ ಕಾಲ ಬೇಕು.

ಈಗಿನ ಹಳ್ಳವನ್ನು ನೋಡಬೇಡಿ, ನೆರೆ ಬಂದಾಗ ಅದು ಹೇಗೆ ಹರಿಯುತ್ತದೆ ಅಂತ ನೋಡಿ. ಚಿನ್ನ ಕದಲುವುದು ಜೋರು ನೀರಿನಲ್ಲಿ ಮಾತ್ರ. ಆ ಜೋರು ಎಲ್ಲಿ ತಗ್ಗುತ್ತದೋ ಅಲ್ಲಿ ಕೂರುತ್ತದೆ. ತಿರುವಿನ ಒಳಬದಿ, ದೊಡ್ಡ ಬಂಡೆಯ ಹಿಂದೆ, ಕಿರಿದಾದ ಹಳ್ಳ ಅಗಲವಾಗುವ ಕಡೆ.

ಅಲ್ಲಿಂದ ಮುಂದೆ ಆಳದ ಲೆಕ್ಕ. ಸಡಿಲ ಮರಳಿನಲ್ಲಿ ಚಿನ್ನ ನಿಲ್ಲುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ, ತಡೆಯುವ ಗಟ್ಟಿ ಪದರ ಸಿಗುವವರೆಗೆ. ಅದು ಜೇಡಿಯ ಪದರವಾಗಿರಬಹುದು, ಬುಡದ ಬಂಡೆಯಾಗಿರಬಹುದು. ಕ್ಯಾಸಲ್‌ಮೇನ್ ಕಡೆಯ ಬಂಡೆ ಸ್ಲೇಟು ಮತ್ತು ಮರಳುಗಲ್ಲು. ಮಡಚಿ ಮಡಚಿ ಈಗ ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಅವು ಹಳ್ಳಕ್ಕೆ ಅಡ್ಡ ಬಂದಲ್ಲಿ ತಳವೇ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಆ ಸಂದುಗಳಲ್ಲಿ ಗಟ್ಟಿಯಾಗಿ ಕೂತ ಜಲ್ಲಿಯನ್ನು ಸ್ಕ್ರೂಡ್ರೈವರ್‌ನಲ್ಲಿ ಕೆರೆದು, ಬ್ರಷ್ಷಿನಲ್ಲಿ ಗುಡಿಸಿ, ಕೊನೆಯ ಚಿಟಿಕೆಯವರೆಗೂ ಪ್ಯಾನಿಗೆ ಹಾಕಿ. ಒಂದು ಬಕೆಟ್ ಸಡಿಲ ಮರಳಿಗಿಂತ ಆ ಒಂದು ಹಿಡಿ ಮೇಲು. ಸಂದಿನಲ್ಲಿ ತುಕ್ಕು ಹಿಡಿದ ಮೊಳೆ, ಹಳೇ ಸೀಸದ ಗುಂಡು ಸಿಕ್ಕರೆ ಒಳ್ಳೇ ಲಕ್ಷಣ. ಭಾರವಾದದ್ದು ಅಲ್ಲಿ ನಿಲ್ಲುತ್ತದೆ ಅಂತ ಅರ್ಥ.

ನೀರಂಚಿನ ಹುಲ್ಲಿನ ಬೇರಿನಲ್ಲೂ ಚಿನ್ನ ಸಿಕ್ಕಿಕೊಳ್ಳುತ್ತದೆ ಅನ್ನುವುದು ನಿಜ. ಹಾಗಂತ ಗಿಡ ಕೀಳುವುದು, ದಡ ಕೊರೆಯುವುದು ಮಾಡಬಾರದು. ದಡ ಕುಸಿದರೆ ಇಡೀ ಹಳ್ಳ ರಾಡಿಯಾಗುತ್ತದೆ.

ಚಿನ್ನವೋ ಕಾಗೆಬಂಗಾರವೋ, ಹೇಗೆ ಗೊತ್ತಾಗುತ್ತದೆ?

ಪ್ಯಾನಿಗೆ ನಿಮ್ಮ ನೆರಳು ಬೀಳುವಂತೆ ತಿರುಗಿ ನಿಲ್ಲಿ. ಕಾಗೆಬಂಗಾರ ಬಿಸಿಲಿನಲ್ಲಿ ಮಿನುಗಿ, ನೆರಳಿನಲ್ಲಿ ಸಪ್ಪಗಾಗುತ್ತದೆ. ಚಿನ್ನ ಎರಡರಲ್ಲೂ ಅದೇ ಹಳದಿ. ಕಾಗೆಬಂಗಾರ ನೀರು ಕದಲಿದ ಕೂಡಲೇ ಓಡಾಡುತ್ತದೆ, ಚಿನ್ನ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಇನ್ನೂ ಅನುಮಾನವಿದ್ದರೆ ಸೂಜಿಯಲ್ಲಿ ಒತ್ತಿ. ಚಿನ್ನದಂತೆ ಕಾಣುವ ಪೈರೈಟ್ ಅನ್ನುವ ಖನಿಜವಾದರೆ ಪುಡಿಯಾಗುತ್ತದೆ, ಚಿನ್ನದಲ್ಲಿ ತಗ್ಗು ಬೀಳುತ್ತದೆ. ನನ್ನ ಅನುಭವದಲ್ಲಿ ‘ಇದು ಚಿನ್ನವಾ?’ ಅಂತ ಕೇಳಬೇಕಾಗಿ ಬಂದರೆ ಅದು ಬಹುಮಟ್ಟಿಗೆ ಚಿನ್ನವಲ್ಲ.

ಕಪ್ಪು ಮರಳಿನಿಂದ ಪುಡಿ ಚಿನ್ನ ತೆಗೆಯಲು ಪಾದರಸ ಬಳಸಬಹುದಾ?

ಬೇಡವೇ ಬೇಡ. ಅಂತರ್ಜಾಲದಲ್ಲಿ ಯಾರೋ ಒಲೆಯ ಮೇಲೆ ಕಾಯಿಸಿ ತೋರಿಸಿದ್ದನ್ನು ನೋಡಿ ಮೋಸ ಹೋಗಬೇಡಿ, ಆ ಹೊಗೆ ವಿಷ. ಮರಳು ಒಣಗಿಸಿ, ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೇಲೆ ಆಡಿಸಿದರೆ ಕಬ್ಬಿಣದ ಮರಳಲ್ಲಿ ಬಹುಪಾಲು ಎದ್ದು ಬರುತ್ತದೆ. ಉಳಿದದ್ದನ್ನು ಇನ್ನೊಮ್ಮೆ ಜಾಲಿಸಿ.

ಹಳೇ ಕಾಲದಲ್ಲಿ ಕಲ್ಲು ಕುಟ್ಟುವ ಗಿರಣಿಗಳಲ್ಲಿ ಪಾದರಸ ಧಾರಾಳವಾಗಿ ಬಳಸಿದ್ದರು. ಅದರಲ್ಲಿ ಒಂದಿಷ್ಟು ಹಳ್ಳಕ್ಕೂ ಸೇರಿದೆ. ಬೆಳ್ಳಿಯ ಹಾಗೆ ಬಿಳಿಚಿಕೊಂಡ ಚಿನ್ನದ ಕಣ ಸಿಕ್ಕರೆ ಅದಕ್ಕೆ ಪಾದರಸ ಹತ್ತಿದೆ ಅಂತ ತಿಳಿಯಿರಿ. ಬೇರೆ ಸೀಸೆಯಲ್ಲಿಡಿ, ಕಾಯಿಸಬೇಡಿ.

ಅಲ್ಲಿನ ಮಣ್ಣು ನೀರು ಸುರಕ್ಷಿತವಾ?

ಹಳ್ಳದ ನೀರು ಕುಡಿಯಬೇಡಿ. ಇಲ್ಲಿನ ಬೆಣಚುಕಲ್ಲಿನ ಪದರಗಳಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಇರುವ ಖನಿಜವೂ ಇದೆ. ಕುಟ್ಟಿ ಬಿಸಾಕಿದ ನುಣುಪು ಮರಳಿನ ದಿಬ್ಬಗಳಲ್ಲಿ ಅದು ಉಳಿದಿದೆ. ಅಂಥ ದಿಬ್ಬದ ಮೇಲೆ ಮಕ್ಕಳನ್ನು ಆಡಲು ಬಿಡಬೇಡಿ. ಬುತ್ತಿ ಬಿಚ್ಚುವ ಮುಂಚೆ ಮನೆಯಿಂದ ತಂದ ನೀರಿನಲ್ಲಿ ಕೈ ತೊಳೆಯಿರಿ. ಮೊಸರನ್ನ ಕಲಸಿ ಕೈಯಲ್ಲಿ ತಿನ್ನುವ ನಮಗೆ ಇದು ಸ್ವಲ್ಪ ಜಾಸ್ತಿಯೇ ಮುಖ್ಯ.

ಹಾವಿನ ಕಾಟ ಇದೆಯಾ?

ಇದೆ. ಟೈಗರ್ ಸ್ನೇಕ್, ಬ್ರೌನ್ ಸ್ನೇಕ್ ಎರಡೂ ವಿಷದವು, ಬಿಸಿಲು ಏರಿದ ದಿನಗಳಲ್ಲಿ ನೀರಿನ ಹತ್ತಿರ ಕಾಣುತ್ತವೆ. ಬೂಟು ಹಾಕಿ, ಕಾಣದ ಸಂದಿಗೆ ಕೈ ಹಾಕಬೇಡಿ, ಅಗಲದ ಬ್ಯಾಂಡೇಜ್ ಒಂದೆರಡು ಚೀಲದಲ್ಲಿರಲಿ. ಕಚ್ಚಿದರೆ ಗಾಯ ತೊಳೆಯಬಾರದು, ಕೊಯ್ಯಬಾರದು. ಕೈಯೋ ಕಾಲೋ ಪೂರ್ತಿ ಬಿಗಿಯಾಗಿ ಸುತ್ತಿ, ಅಲ್ಲಾಡದೆ ಮಲಗಿಸಿ, ತುರ್ತು ಸಂಖ್ಯೆ 000ಗೆ ಕರೆ ಮಾಡಿ.

ಆದರೆ ಹಾವಿಗಿಂತ ನನಗೆ ಹೆದರಿಕೆ ಹಳೇ ಗಣಿ ಬಾವಿಗಳದ್ದು. ಬೇಲಿ ಇರುವುದಿಲ್ಲ, ಬಾಯಿಗೆ ಹುಲ್ಲು ಪೊದೆ ಬೆಳೆದಿರುತ್ತದೆ, ಮಳೆಯ ನಂತರ ಅಂಚು ಕುಸಿಯುತ್ತದೆ. ದಾರಿ ಬಿಟ್ಟು ನಡೆಯುವಾಗ ಫೋನು ಜೇಬಿನಲ್ಲಿರಲಿ, ಕಣ್ಣು ನೆಲದ ಮೇಲಿರಲಿ. ಸುರಂಗ ಕಂಡರೆ ಒಳಗೆ ಹೋಗಬೇಡಿ, ಫೋಟೋಗೂ ಬೇಡ.

ಯಾವ ಕಾಲ ಒಳ್ಳೆಯದು?

ಜೂನ್‌ನಿಂದ ನವೆಂಬರ್. ಚಳಿಯಲ್ಲಿ ನೀರು ಇರುತ್ತದೆ, ಹಾವು ಕಡಿಮೆ, ಬೆರಳು ಮಾತ್ರ ಮರಗಟ್ಟುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹದವಾಗಿರುತ್ತದೆ. ಬೇಸಿಗೆಯಲ್ಲಿ ಹಳ್ಳಗಳು ಬತ್ತುತ್ತವೆ, ಕಾಡ್ಗಿಚ್ಚಿನ ಭಯ ಬೇರೆ. ಟೋಟಲ್ ಫೈರ್ ಬ್ಯಾನ್, ಅಂದರೆ ಬಯಲಲ್ಲಿ ಬೆಂಕಿ ಹಚ್ಚಲು ಪೂರ್ತಿ ನಿಷೇಧ, ಘೋಷಿಸಿದ ದಿನ ಮನೆಯಲ್ಲೇ ಇರಿ.

ಮಕ್ಕಳಿಗೆ ಎಲ್ಲಿಂದ ಶುರು ಮಾಡಿಸುವುದು?

ಬಲ್ಲಾರಟ್‌ನ ಸಾವರಿನ್ ಹಿಲ್‌ನಿಂದ. 1850ರ ದಶಕದ ಊರನ್ನು ಹಾಗೆಯೇ ಕಟ್ಟಿ ನಿಲ್ಲಿಸಿರುವ ಬಯಲು ಮ್ಯೂಸಿಯಂ ಅದು, 1970ರಲ್ಲಿ ತೆರೆಯಿತು. ಒಳಗಿನ ಹಳ್ಳಕ್ಕೆ ಅವರೇ ಚಿನ್ನದ ಕಣ ಬೆರೆಸುತ್ತಾರೆ, ಸಿಕ್ಕಿದ್ದು ನಿಮ್ಮದೇ. ಮೈನರ್ಸ್ ರೈಟ್ ಬೇಡ, ಟಿಕೆಟ್ ಸಾಕು. ‘ಅದು ಹಾಕಿಟ್ಟ ಚಿನ್ನ’ ಅಂತ ಮೂಗು ಮುರಿಯುವವರಿದ್ದಾರೆ. ಎಂಟು ವರ್ಷದ ಮಗುವಿಗೆ ಅದರ ಗೊಡವೆ ಇಲ್ಲ. ಪ್ಯಾನಿನಲ್ಲಿ ಚಿನ್ನ ಹೇಗೆ ನಡೆದುಕೊಳ್ಳುತ್ತದೆ ಅಂತ ಒಮ್ಮೆ ಕಣ್ಣಾರೆ ಕಂಡರೆ ಮುಂದೆ ನಿಜವಾದ ಹಳ್ಳದಲ್ಲಿ ತಾಳ್ಮೆ ಬರುತ್ತದೆ. ದೊಡ್ಡವರಿಗೂ ಇದೇ ಮಾತು.

ಸಿಕ್ಕಿದ ಚಿನ್ನ ಯಾರದ್ದು? ದೊಡ್ಡ ಗಟ್ಟಿ ಸಿಕ್ಕರೆ?

ಮೈನರ್ಸ್ ರೈಟ್ ಇದ್ದು, ಅನುಮತಿ ಇರುವ ಜಾಗದಲ್ಲಿ ಸಿಕ್ಕಿದ್ದಾದರೆ ನಿಮ್ಮದೇ. ಖಾಸಗಿ ಜಮೀನಾದರೆ ಮಾಲೀಕರ ಜೊತೆ ಹಂಚಿಕೆಯ ಮಾತನ್ನು ಮೊದಲೇ ಆಡಿಕೊಳ್ಳಿ.

ದೊಡ್ಡದು ಸಿಕ್ಕ ಕತೆಗಳು ಸುಳ್ಳಲ್ಲ. 1869ರಲ್ಲಿ ಮೊಲಿಯಾಗಲ್ ಅನ್ನುವಲ್ಲಿ ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್ ಅವರಿಗೆ ಸಿಕ್ಕ ‘ವೆಲ್ಕಮ್ ಸ್ಟ್ರೇಂಜರ್’ ಎಪ್ಪತ್ತು ಕಿಲೋ ಆಸುಪಾಸಿನದು. ಮರದ ಬುಡದ ಹತ್ತಿರ, ನೆಲದಿಂದ ಒಂದಂಗುಲ ಕೆಳಗಷ್ಟೇ ಇತ್ತು. ಡನೊಲಿ ಊರಿನಲ್ಲಿ ಅಷ್ಟು ದೊಡ್ಡದನ್ನು ತೂಗುವ ತಕ್ಕಡಿಯೇ ಇರಲಿಲ್ಲ, ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಒಡೆದು ತೂಗಿದರು. 1980ರಲ್ಲಿ ಕಿಂಗೋವರ್ ಹತ್ತಿರ ಮೆಟಲ್ ಡಿಟೆಕ್ಟರ್‌ಗೆ ಸಿಕ್ಕ ‘ಹ್ಯಾಂಡ್ ಆಫ್ ಫೇತ್’ 27 ಕಿಲೋ. ಪ್ಯಾನ್ ಹಿಡಿದವರಿಗೆ ಇಂಥದ್ದು ಸಿಕ್ಕುವುದಿಲ್ಲ ಬಿಡಿ.

ಹಳೇ ಸೀಸೆ, ನಾಣ್ಯ, ಕಲ್ಲಿನ ಗೋಡೆ ಕಂಡರೆ?

ಮುಟ್ಟದೆ ಬಿಡಿ. ಒಲೆಯ ಕಲ್ಲು, ನೀರಿನ ಕಾಲುವೆ, ಪಡ್ಲಿಂಗ್ ತೊಟ್ಟಿ ಎಲ್ಲಕ್ಕೂ ಪಾರಂಪರಿಕ ರಕ್ಷಣೆ ಇದೆ. ಇದು ಜಾ ಜಾ ವುರಂಗ್ ಎಂಬ ಮೂಲನಿವಾಸಿ ಜನರ ನೆಲ. ಚಿನ್ನದ ನುಗ್ಗಾಟದಲ್ಲಿ ಅವರ ಹಳ್ಳಗಳು ಬುಡಮೇಲಾದವು. ತೊಗಟೆ ಕೆತ್ತಿದ ಹಳೇ ಮರ, ಕಲ್ಲಿನ ಆಯುಧ ಕಂಡರೆ ಅಲ್ಲಿ ಅಗೆಯಬೇಡಿ.

ಚೀನೀಯರ ಗುರುತುಗಳೂ ತುಂಬಾ. 1855ರಲ್ಲಿ ವಿಕ್ಟೋರಿಯಾಕ್ಕೆ ಹಡಗಿನಲ್ಲಿ ಬರುವ ಪ್ರತಿ ಚೀನೀಯನ ಮೇಲೆ 10 ಪೌಂಡ್ ತಲೆಗಂದಾಯ ಹಾಕಿದರು. ಅದನ್ನು ತಪ್ಪಿಸಲು ಅವರು ಪಕ್ಕದ ಸೌತ್ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಇಳಿದು, ನೂರಾರು ಕಿಲೋಮೀಟರ್ ನಡೆದು ಬಂದರು. ವಾನ್ ಅನ್ನುವ ಹಳ್ಳಿಯಲ್ಲಿ ಅವರ ಪುಟ್ಟ ಸ್ಮಶಾನವಿದೆ. ಆ ಕಡೆ ಹೋದರೆ ಹತ್ತು ನಿಮಿಷ ನಿಂತು ನೋಡಿ.

ತೋಡಿದ ಗುಂಡಿ ಮುಚ್ಚಲೇಬೇಕಾ?

ಮುಚ್ಚಲೇಬೇಕು. ಊಟಕ್ಕೆ ಏಳುವ ಮುಂಚೆಯೂ.

ಊರಿಗೆ ತೆಗೆದುಕೊಂಡು ಹೋಗಬಹುದಾ?

ಭಾರತದ ಕಸ್ಟಮ್ಸ್‌ನಲ್ಲಿ ಸುಂಕದ ವಿನಾಯಿತಿ ಇರುವುದು ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದವರ ಒಡವೆಗೆ. ಸೀಸೆಯಲ್ಲಿರುವ ಪುಡಿ ಒಡವೆ ಅಲ್ಲ. ಎಷ್ಟೇ ಕಡಿಮೆ ಇರಲಿ, ರೆಡ್ ಚಾನೆಲ್‌ನಲ್ಲಿ ಹೋಗಿ ಹೇಳಿಬಿಡಿ.

ಕೋಲಾರದಲ್ಲೋ ಗದಗದಲ್ಲೋ ಹೀಗೆ ಮಾಡಬಹುದಾ?

ಇಲ್ಲ. ಹವ್ಯಾಸಕ್ಕೆ ಜಾಲಿಸುವವರಿಗೆ ಮೈನರ್ಸ್ ರೈಟ್‌ನಂಥ ಚೀಟಿ ನಮ್ಮಲ್ಲಿಲ್ಲ. ಪರವಾನಗಿ ಇಲ್ಲದೆ ಚಿನ್ನ ಹುಡುಕುವುದು ಅಪರಾಧ.

ಹಾಗಂತ ಈ ಕೆಲಸ ನಮಗೆ ಹೊಸದಲ್ಲ. ಗದಗ ಕಡೆ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆಯ ನಂತರ ಚಿನ್ನ ತೊಳೆಯುವುದನ್ನೇ ಕಸುಬು ಮಾಡಿಕೊಂಡ ಜಾಲಗಾರರಿದ್ದರು. ಆ ಗುಡ್ಡ ಈಗ ವನ್ಯಜೀವಿಧಾಮ. 1802ರಲ್ಲಿ ಕೋಲಾರದ ಕಡೆ ಬಂದ ಜಾನ್ ವಾರೆನ್ ಎಂಬ ಬ್ರಿಟಿಷ್ ಅಧಿಕಾರಿ ಇನಾಮು ಕೊಡುತ್ತೇನೆ ಅಂದಾಗ, ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು ಅವನೆದುರೇ ತೊಳೆದು ಚಿನ್ನ ತೋರಿಸಿದರು. ಅಲ್ಲಿ ಆಳದ ಗಣಿಗಾರಿಕೆಗೆ ದಾರಿ ಮಾಡಿದ ಲವೆಲ್ ಎಂಬವನಿಗೆ ಚಿನ್ನದ ಹುಚ್ಚು ಹತ್ತಿದ್ದು ನ್ಯೂಜಿಲೆಂಡ್‌ನಲ್ಲಿ. ಅವನು 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ರಾಯಚೂರಿನ ಹಟ್ಟಿ ಮಾತ್ರ ಇನ್ನೂ ನಡೆಯುತ್ತಿದೆ.

ಕಾರಿಲ್ಲದೆ ಹೋಗಬಹುದಾ?

ಮೆಲ್ಬರ್ನ್‌ನ ಸದರ್ನ್ ಕ್ರಾಸ್ ನಿಲ್ದಾಣದಿಂದ ಬೆಂಡಿಗೊ ಕಡೆಯ ರೈಲು ಹತ್ತಿ, ಸುಮಾರು ಒಂದೂವರೆ ಗಂಟೆಯಲ್ಲಿ ಕ್ಯಾಸಲ್‌ಮೇನ್. ಅಲ್ಲಿಂದ ಪೂರ್ವಕ್ಕೆ ನಾಲ್ಕು ಕಿಲೋಮೀಟರ್ ನಡೆದರೆ ಚ್ಯೂಟನ್ ಹಳ್ಳಿ, ಪಕ್ಕದಲ್ಲೇ ಫಾರೆಸ್ಟ್ ಕ್ರೀಕ್. ಬಕೆಟ್ ಹೊತ್ತು ನಡೆಯುವುದು ಕಷ್ಟ. ಸಾಮಾನನ್ನು ಬೆನ್ನುಚೀಲದಲ್ಲಿ ಹಾಕಿ, ಪ್ಯಾನನ್ನು ಚೀಲದ ಹೊರಗೆ ಕಟ್ಟಿಕೊಳ್ಳಿ. ವಾಪಸು ಬರುವ ರೈಲಿನಲ್ಲಿ ಕೆಸರು ಬೂಟಿಗೆ ಒಂದು ಕವರು ಮರೆಯಬೇಡಿ.